ಒಂದೇ ಮಾತಿಗೆ ಒಂದು ವಾರ

ಅತಿಥಿ ಉಪನ್ಯಾಸಕರಿಗೆ ನಿವೃತ್ತಿ ಎನ್ನುವುದಿಲ್ಲ. ಒಂದು ವರ್ಷ ಕರೆಯುತ್ತಾರೆ, ಇನ್ನೊಂದು ವರ್ಷ ಕರೆಯುವುದಿಲ್ಲ, ಅಷ್ಟೇ. ಹಾರ, ಶಾಲು, ಗುಂಪು ಫೋಟೊ ಯಾವುದೂ ಇರುವುದಿಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಮಗೆ ಕನ್ನಡ ಕಾದಂಬರಿ ಪಾಠ ಮಾಡಿದ ಮೇಡಂ ಈ ವರ್ಷ ಹಾಗೆ ಸದ್ದಿಲ್ಲದೆ ಮನೆಯಲ್ಲಿ ಉಳಿದರು. ನನಗೆ ಅದು ಗೊತ್ತಾದದ್ದು ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಿಂದ. ‘ಮೇಡಮ್ಮಿಗೆ ವಯಸ್ಸಾಯ್ತಂತೆ, ಈ ಸಲ ಕರ್ದಿಲ್ವಂತೆ’ ಎಂದು ಯಾರೋ ಹಾಕಿದ್ದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಆಮೇಲೆ ಯಾರದೋ ಗೃಹಪ್ರವೇಶದ ಕರೆಯೋಲೆ ಬಂತು, ಮಾತು ಅತ್ತ ತಿರುಗಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನು ಮಾಡಿ, ‘ಹೆಸರು ಹಾಕುವ ಜಾಗದಲ್ಲಿ ಇನ್ನೊಂದು ಒಳ್ಳೆಯ ವಾಕ್ಯ ಬರೆಯಬಹುದಿತ್ತಲ್ಲ’ ಎನ್ನುತ್ತಾರೆ. ಅವರು ಪಾಠ ಮಾಡಿದ ಕಾದಂಬರಿಯ ಹೆಸರನ್ನೂ ಹೇಳುವುದಿಲ್ಲ. ಅದು ಹಳೆಯ, ದೊಡ್ಡ ಕಾದಂಬರಿ. ಹೆಸರು ಹೇಳಿದ ಕೂಡಲೇ ಓದಿದವರೆಲ್ಲ ತಮ್ಮ ತಮ್ಮ ತೀರ್ಪು ಹಿಡಿದುಕೊಂಡು ಬಂದು ಕೂರುತ್ತಾರೆ. ನಾನು ಹೇಳಬೇಕಾದದ್ದು ಹಿಂದೆ ಬೀಳುತ್ತದೆ.

ಮೇಡಂ ಮನೆಮಾತು ಮಲಯಾಳ. ಅವರ ತಂದೆ ಕೇರಳದ ಬತ್ತೇರಿ ಕಡೆಯಿಂದ ಬಂದು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ ಟೀ ಅಂಗಡಿ ಇಟ್ಟಾಗ ಇವರು ಪ್ರಾಥಮಿಕ ಶಾಲೆಯ ಹುಡುಗಿ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು ಗಿರಾಕಿಗಳ ಮಾತು ಕೇಳುವುದೇ ಆಟ. ‘ಟೀ ಕೇಳುವ ರಾಗದಲ್ಲೇ ಇವರು ಊಟಿ ಬಸ್ಸಿನಿಂದ ಇಳಿದವರೋ ಚಾಮರಾಜನಗರದ ಬಸ್ಸಿನಿಂದ ಇಳಿದವರೋ ಹೇಳ್ತಿದ್ದೆ’ ಎನ್ನುತ್ತಿದ್ದರು. ‘ನಿಮಗೆಲ್ಲ ಕನ್ನಡ ಅಮ್ಮ ಕೊಟ್ಟದ್ದು. ನನಗೆ ಬಸ್ ಸ್ಟ್ಯಾಂಡ್ ಕೊಟ್ಟದ್ದು. ನೀವು ಅದನ್ನು ನೋಡದೇ ತಿಂದಿರಿ, ನಾನು ಒಂದೊಂದೇ ಕಾಳು ಆರಿಸಿ ತಿಂದೆ.’

ಆರಿಸುವ ಆ ಅಭ್ಯಾಸ ಅವರನ್ನು ಬಿಡಲೇ ಇಲ್ಲ. ಪಾಠದ ನಡುವೆ ಪುಸ್ತಕ ಮಡಚಿ, ಒಳಗೆ ಬೆರಳಿಟ್ಟುಕೊಂಡು, ‘ಈ ಮಾತು ಯಾಕೆ ಇಲ್ಲಿ ಬಂತು?’ ಎಂದು ಕೇಳುವರು. ಪ್ರಶ್ನೆ ನಮಗೋ ತಮಗೋ ತಿಳಿಯುತ್ತಿರಲಿಲ್ಲ. ಯಾರಾದರೂ ಎದ್ದು ಓದಲು ತೊಡಗಿದರೆ ಅವರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲುವರು. ಮೊದಲ ದಿನ ನಮಗೆ ಇದು ಅವಮಾನ ಅನ್ನಿಸಿತು. ಆಮೇಲೆ ತಿಳಿಯಿತು: ಮುಖ ನೋಡಿದರೆ ಮುಖವೇ ಅರ್ಥ ಹೇಳಿಬಿಡುತ್ತದೆ, ದನಿ ಮಾತ್ರ ಕೇಳಬೇಕು ಎಂಬುದು ಅವರ ಲೆಕ್ಕ. ನಾವು ಹಕಾರ ನುಂಗಿ ‘ಓದ’, ‘ಅಳ್ಳಿ’ ಎಂದರೆ ಬೇರೆ ಉಪನ್ಯಾಸಕರು ತಿದ್ದುವರು. ಮೇಡಂ ತಿದ್ದುತ್ತಿರಲಿಲ್ಲ. ಗೋಡೆಯ ಕಡೆಯಿಂದಲೇ ‘ಇನ್ನೊಂದು ಸಲ’ ಎನ್ನುವರು, ಅಷ್ಟೇ.

ಒಮ್ಮೆ ಕೆರೆಯ ವರ್ಣನೆ ಇರುವ ಒಂದು ಪುಟ ಕೊಟ್ಟು ಗುಣವಾಚಕಗಳಿಗೆಲ್ಲ ಗೆರೆ ಹಾಕಿ ಎಂದರು. ನಾವು ಪೆನ್ಸಿಲ್ ಹಿಡಿದು ಹುಡುಕಿದ್ದೇ ಬಂತು, ಗೆರೆ ಹಾಕಲು ಏನೂ ಸಿಗಲಿಲ್ಲ. ದೊಡ್ಡ, ಸುಂದರ, ನೀಲಿ, ಯಾವುದೂ ಇಲ್ಲ. ‘ಹಾಗಾದ್ರೆ ಕೆರೆ ಕಾಣಿಸಿದ್ದು ಹೇಗೆ?’ ಎಂದು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು. ಆಮೇಲೆ ನಮ್ಮ ಬಸ್ ನಿಲ್ದಾಣದ ಬಗ್ಗೆ ಹಾಗೇ ಬರೆಯಿರಿ ಎಂದರು. ನಾನು ಒಂದು ಪುಟ ಬರೆದೆ. ಪಕ್ಕದಲ್ಲಿ ಕೂರುತ್ತಿದ್ದ ಮಾದೇಶ, ತೆರಕಣಾಂಬಿಯ ನಮ್ಮ ಬೀದಿಯವನೇ, ಮೂರೇ ವಾಕ್ಯ ಬರೆದ: ‘ಬಸ್ಸು ಬಂತು. ಎಲ್ಲರೂ ಓಡಿದರು. ಅದು ನಮ್ಮ ಬಸ್ಸಲ್ಲ.’ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಶೈಲಿ ಅಂದ್ರೆ ಏನು ಅಂತ ಇನ್ನು ನಾನು ಹೇಳ್ಬೇಕಾಗಿಲ್ಲ’ ಎಂದು ಆ ಹಾಳೆಯನ್ನು ತರಗತಿಗೆಲ್ಲ ಓದಿ ಹೇಳಿದರು. ಮಾದೇಶ ಅಂದು ಸಂಜೆ ಬಸ್ಸಿನಲ್ಲಿ ಕೂರಲಿಲ್ಲ, ಸೀಟು ಖಾಲಿಯಿದ್ದರೂ ನಿಂತೇ ಬಂದ.

ಅವರಿಗೆ ಕುಂದುಗಳೂ ಇದ್ದವು. ಟೆಸ್ಟ್ ಪೇಪರುಗಳನ್ನು ತಿಂಗಳುಗಟ್ಟಲೆ ಕೊಡುತ್ತಿರಲಿಲ್ಲ. ಕೊಟ್ಟಾಗ ಅಂಚಿನ ತುಂಬ ಪೆನ್ಸಿಲಿನ ಪ್ರಶ್ನೆಗಳಿರುತ್ತಿದ್ದವು, ಅಂಕ ಹಾಕಲು ಮರೆತಿರುತ್ತಿದ್ದರು. ಪಾಠ ಎಂದೂ ಮುಗಿಯುತ್ತಿರಲಿಲ್ಲ. ಯಾರಾದರೂ ಚೆನ್ನಾಗಿ ಉತ್ತರಿಸಿದರೆ ಕೂತುಕೋ ಎನ್ನದೆ ಮತ್ತೆ ಮತ್ತೆ ಕೇಳಿ, ಪಾಪ, ಬೆವರಿಳಿಸುವರು. ಇದೆಲ್ಲ ಸೇರಿಯೇ ಮುಂದಿನದಕ್ಕೆ ದಾರಿಯಾಯಿತು.

ಕಾದಂಬರಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಕೆರೆಯ ಪಕ್ಕದ ಊರಿನಲ್ಲಿ ಒಬ್ಬ ಯಜಮಾನ. ಹಟದಲ್ಲಿ ಹಿರಿಮಗನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಮಗ ಎಲ್ಲೋ ತೀರಿಕೊಳ್ಳುತ್ತಾನೆ. ಹಿರಿಸೊಸೆ ಮಾತ್ರ ಅದೇ ಮನೆಯಲ್ಲಿ ಉಳಿಯುತ್ತಾಳೆ, ಆದರೆ ಪುಸ್ತಕ ಅರ್ಧ ಮುಗಿದರೂ ಮಾವನ ಎದುರು ಬಾಯಿ ಬಿಟ್ಟಿರುವುದಿಲ್ಲ. ಕೊನೆಗೆ ಯಜಮಾನ ಒಂಟಿಯಾಗಿ, ಒಂದು ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತು, ನನ್ನಿಂದ ತಪ್ಪಾಯಿತು ಎನ್ನುತ್ತಾನೆ. ಅವಳು ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದೆ ಇಡುತ್ತಾಳೆ. ‘ಬುಡಿ’ ಎನ್ನುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಮುಂದಿನ ಅಧ್ಯಾಯ ಎಷ್ಟೋ ವರ್ಷಗಳ ನಂತರದ್ದು.

ಮೇಡಂ ಅಲ್ಲಿಗೆ ನಿಂತುಬಿಟ್ಟರು.

‘ಏನು ಹೇಳಿದಳು ಅವಳು?’

ಮಾದೇಶ ಎದ್ದ. ಅವನ ಹತ್ತಿರ ಗೈಡ್ ಇತ್ತು. ‘ಕ್ಷಮಿಸಿದಳು ಮೇಡಂ. ಓಗ್ಲಿ ಬುಡಿ ಅಂದ್ಲು. ಕ್ಷಮಾಗುಣವೇ ಕಾದಂಬರಿಯ ಮುಖ್ಯ ಆಶಯ.’

‘ಆಶಯ ಗೈಡಿನಲ್ಲಿರುತ್ತೆ, ಮಾದೇಶ. ಮಾತು ಪುಸ್ತಕದಲ್ಲಿದೆ. ಹೋಗ್ಲಿ ಅನ್ನೋ ಮಾತು ಇಲ್ಲಿ ಎಲ್ಲಿದೆ?’

ಭೀಮನಬೀಡಿನ ನಾಗಮಣಿ ಎಂಬವಳು ಮೊದಲ ಬೆಂಚಿನಿಂದ, ಎದ್ದು ನಿಲ್ಲದೆಯೇ, ‘ಕ್ಷಮಿಸ್ಲಿಲ್ಲ ಮೇಡಂ’ ಎಂದಳು. ‘ನನ್ ಪಾಡ್ಗೆ ನನ್ ಬುಡಿ ಅಂದವ್ಳೆ. ನಮ್ಮವ್ವ ಸಿಟ್ ಬಂದಾಗ ಅಂಗೇ ಅನ್ನದು.’

‘ನಿಮ್ಮಮ್ಮ ಅಂದ ಹಾಗೇ ಹೇಳು ನೋಡೋಣ’ ಎಂದು ಮೇಡಂ ಗೋಡೆಗೆ ಮುಖ ತಿರುಗಿಸಿದರು.

ನಾಗಮಣಿ ಹೇಳಿದಳು. ಮಾದೇಶನೂ ಅವನ ರೀತಿಯಲ್ಲಿ ಹೇಳಿದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, ‘ಆ ಮಾತ ಬುಡಿ, ಎತ್ಬ್ಯಾಡಿ ಅಂತ ಅಂದಿರ್ಬೋದಲ್ವಾ’ ಎಂದ. ಒಂದೇ ಪದ ತರಗತಿಯಲ್ಲಿ ಕೋಪವಾಯಿತು, ಕನಿಕರವಾಯಿತು, ಬೇಸರವಾಯಿತು. ಮೇಡಂ ತಿರುಗಿದಾಗ ಅವರ ಮುಖ ಸಂತೆಯಲ್ಲಿ ಕಳೆದ ಮಗು ಸಿಕ್ಕವರ ಹಾಗಿತ್ತು. ‘ನಮ್ಮ ಭಾಷೇಲಿ ಇದಕ್ಕೆ ಎರಡು ಮಾತು ಇದೆ. ಕೈ ಬಿಡು ಅನ್ನೋದಕ್ಕೆ “ವಿಡ್”. ಹೋಗ್ಲಿ ಬಿಡು ಅನ್ನೋದಕ್ಕೆ “ಪೋಟ್ಟೆ”. ನಾನಾಗಿದ್ರೆ ಒಂದನ್ನ ಆರಿಸ್ಲೇಬೇಕಿತ್ತು. ಇವಳು ಆರಿಸದೇ ತಪ್ಪಿಸ್ಕೊಂಡಿದ್ದಾಳೆ ನೋಡಿ!’

‘ಸರಿಯಾದ್ದು ಯಾವ್ದು ಮೇಡಂ?’ ಎಂದು ಮಾದೇಶ ಕೇಳಿದ.

‘ನನಗೆ ಗೊತ್ತಿಲ್ಲ. ನೀವು ಮನೇಲಿ ಕೇಳ್ಕೊಂಡು ಬನ್ನಿ.’

ಇಡೀ ವಾರ ಅದೇ ನಡೆಯಿತು. ನಾವು ಅಜ್ಜಿಯಂದಿರನ್ನು, ಅತ್ತೆಯಂದಿರನ್ನು ಕೇಳಿಕೊಂಡು ಬಂದೆವು. ನಮ್ಮವ್ವ ರೊಟ್ಟಿ ತಟ್ಟುತ್ತಾ ಕಥೆಯನ್ನು ಪೂರ್ತಿ ಕೇಳಿ, ‘ಅವ್ಳು ಎಲ್ ನೋಡ್ಕೊಂಡು ಅಂದ್ಲು? ಅವುನ್ ಮೊಕವ, ನೆಲವ?’ ಎಂದಿದ್ದಳು. ಅದನ್ನು ಹೇಳಿದಾಗ ಮೇಡಂ ಪುಟ ತೆರೆದು ಓದಿದರು. ಎಲ್ಲಿ ನೋಡಿದಳು ಎಂದು ಬರೆದಿರಲಿಲ್ಲ. ‘ಬರೆದವರು ಅದನ್ನೂ ಬಚ್ಚಿಟ್ಟಿದ್ದಾರೆ’ ಎಂದು ಖುಷಿಪಟ್ಟರು.

ಮಾದೇಶನಿಗೆ ಖುಷಿಯಿರಲಿಲ್ಲ. ಅವನಿಗೆ ಬಿ.ಎಡ್. ಸೀಟು ಬೇಕಿತ್ತು, ಅದಕ್ಕೆ ಅಂಕ ಬೇಕಿತ್ತು. ಬಸ್ಸಿನಲ್ಲಿ ನನ್ನ ಭುಜಕ್ಕೆ ಗುದ್ದಿ, ‘ಒಂದ್ ಪದ್ಕೆ ಒಂದ್ ವಾರ ಕಣ್ಲಾ! ಇನ್ನಾ ಅರ್ಧ ಪುಸ್ತಕದ ಪ್ರಶ್ನೋತ್ತರ ಬಾಕಿ ಅವೆ. ಪರೀಕ್ಸೆಲಿ ಬುಡಿ ಬುಡಿ ಅಂತ ಬರ್ದು ಬುಟ್ಟು ಬರನಾ?’ ಎಂದ. ಮುಂದಿನ ವಾರ ನಾನು ಜ್ವರದಿಂದ ಮನೆಯಲ್ಲಿದ್ದಾಗ ಅವನೂ ಇನ್ನು ಕೆಲವರೂ ಸೇರಿ ಪ್ರಾಂಶುಪಾಲರಿಗೆ ದೂರು ಬರೆದು ಕೊಟ್ಟರು. ಪಾಠ ಮುಗಿಯುತ್ತಿಲ್ಲ ಎಂಬುದು ಮೊದಲ ಮಾತು. ಅದು ಸುಳ್ಳಲ್ಲ. ಎರಡನೆಯದು, ಕನ್ನಡ ಮಾತೃಭಾಷೆಯಲ್ಲದವರಿಂದ ಕನ್ನಡ ಪಾಠ ಯಾಕೆ ಎಂಬುದು. ಅದನ್ನು ಸೇರಿಸಿದ್ದು ಬೇರೆಯವರು ಎಂದು ಮಾದೇಶ ಆಮೇಲೆ ಹೇಳುತ್ತಿದ್ದ. ಕೆಳಗಿದ್ದ ಮೊದಲ ಸಹಿ ಮಾತ್ರ ಅವನದೇ.

ಪ್ರಾಂಶುಪಾಲರು ಸಂತೆಮರಹಳ್ಳಿ ಕಡೆಯವರು. ಪುಸ್ತಕದ ಹಾಗೆ ಮಾತಾಡುವ, ಇಸ್ತ್ರಿ ಮುರಿಯದ ಮನುಷ್ಯ. ಒಂದು ಬೆಳಿಗ್ಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಡಂ ಜಾಣೆಯಾಗಿದ್ದರೆ ಮುಂದಿನ ಅಧ್ಯಾಯ ತೆಗೆದು ಸರಸರ ಪಾಠ ಮಾಡಬಹುದಿತ್ತು. ಅವರಿಗೆ ಅದು ಹೊಳೆಯಲೇ ಇಲ್ಲ. ಹೊಸ ಊರಿನವರೊಬ್ಬರು ಸಿಕ್ಕರಲ್ಲ ಎಂಬ ಸಂತೋಷವೇ ಅವರಿಗೆ.

‘ಸರ್, ನಿಮ್ಮ ಕಡೆ ಈ ಮಾತನ್ನ ಹೇಗೆ ಹೇಳ್ತಾರೆ?’

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. ‘ಬಿಡಿ ಎಂಬುದರ ಗ್ರಾಮ್ಯ ರೂಪ ಅದು.’

‘ಅದು ಸರಿ ಸರ್. ಹೇಳೋದು ಹೇಗೆ?’

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಎದ್ದು ನಿಂತು ‘ಬುಡಿ’ ಎಂದರು, ಕಚೇರಿಯ ದನಿಯಲ್ಲಿ. ತಲೆ ಅಲ್ಲಾಡಿಸಿ, ಅದನ್ನೇ ಇನ್ನೊಂದು ಸಲ ಹೇಳಿದರು. ಆ ಎರಡನೆಯದು ಬೇರೆ ಯಾರದೋ ದನಿ. ‘ನಮ್ಮಜ್ಜಿ ಜಗಳ ಮುಗ್ಸಬೇಕಾದ್ರೆ ಅಂಗನ್ನೋರು’ ಎಂದರು. ಆಮೇಲೆ ತಾವೇ ಆಶ್ಚರ್ಯಪಟ್ಟವರಂತೆ, ‘ಆದ್ರೆ ಜಗಳ ಮುಗೀತಾ ಇರ್ನಿಲ್ಲ’ ಎಂದರು. ಇಡೀ ತರಗತಿ ನಕ್ಕಿತು, ಅವರೂ ನಕ್ಕರು. ನಾಗಮಣಿ ಎದ್ದು, ‘ನೋಡಿ ಮೇಡಂ, ನಾ ಏಳಿದ್ದು ಅದೇಯ’ ಎಂದಳು. ಗಂಟೆ ಹೊಡೆಯುವವರೆಗೂ ಪ್ರಾಂಶುಪಾಲರು ಹೋಗಲಿಲ್ಲ. ಹೋಗುವಾಗ ಮಾತ್ರ ಮತ್ತೆ ಪುಸ್ತಕದ ಕನ್ನಡಕ್ಕೆ ಮರಳಿ, ‘ಪಾಠ ಪೂರ್ಣಗೊಳಿಸುವತ್ತ ಗಮನವಿರಲಿ’ ಎಂದರು.

ಪಾಠ ಪೂರ್ಣವಾಗಲಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಹೇಗೋ ಪಾಸಾದೆವು. ಮಾದೇಶನಿಗೆ ಅಂಕ ಸಾಲಲಿಲ್ಲ, ಬಿ.ಎಡ್. ಕೈತಪ್ಪಿತು. ಮುಂದಿನ ವರ್ಷ ಕಾಲೇಜಿಗೆ ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರು, ಮೇಡಮ್ಮನ್ನು ಕರೆಯಲಿಲ್ಲ. ದೂರಿಗೂ ಅದಕ್ಕೂ ಸಂಬಂಧವಿರಲಿಲ್ಲ ಎಂದು ಕಾಲೇಜಿನ ಗುಮಾಸ್ತರೇ ನನಗೆ ಹೇಳಿದ್ದಾರೆ. ಮಾದೇಶ ಅದನ್ನು ನಂಬಲಿಲ್ಲ. ‘ನನ್ ಕೈಯಾರ ಮಾಡ್ಬುಟ್ಟೆ ಕಣ್ಲಾ’ ಎಂದು ಒಮ್ಮೆ ಹೇಳಿದ. ಆಮೇಲೆ ಆ ಮಾತು ಎತ್ತಲಿಲ್ಲ, ಎತ್ತಲೂ ಬಿಡಲಿಲ್ಲ.

ಮೇಡಂಗೆ ಚಾಮರಾಜನಗರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಕೆಲಸವೇ ಸಿಕ್ಕಿತು. ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸು. ಮುಂದೆ ನನಗೂ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿ, ತೆರಕಣಾಂಬಿಯಲ್ಲಿ ಅದೇ ಬಸ್ಸು ಹತ್ತತೊಡಗಿದೆ. ಹೀಗೆ ವಿದ್ಯಾರ್ಥಿಯಾಗಿ ಕಳೆದದ್ದಕ್ಕಿಂತ ಎಷ್ಟೋ ಹೆಚ್ಚು ಕಾಲವನ್ನು ಅವರೊಂದಿಗೆ ಸಹಪ್ರಯಾಣಿಕನಾಗಿ ಕಳೆದೆ. ಕಿಟಕಿಯ ಸೀಟು ಸಿಕ್ಕರೂ ಅವರು ಹೊರಗೆ ನೋಡುತ್ತಿರಲಿಲ್ಲ; ಹಿಂದಿನ ಸೀಟಿನ ಮಾತು ಕೇಳುತ್ತಿದ್ದರು. ಪುಸ್ತಕದಲ್ಲಿ ಗುರುತಿಗೆ ಬಸ್ ಟಿಕೆಟ್ ಇಡುವುದು ರೂಢಿ. ಎಷ್ಟೋ ಟಿಕೆಟುಗಳು ಅಂಚಿನಿಂದ ಇಣುಕುತ್ತಿದ್ದವು. ಒಂದು ದಿನ ಕಂಡಕ್ಟರ್ ಟಿಕೆಟ್ ಕೇಳಿದಾಗ ಯಾವುದು ಇವತ್ತಿನದೆಂದು ತಿಳಿಯದೆ ಇಬ್ಬರೂ ಸೇರಿ ಹುಡುಕಬೇಕಾಯಿತು. ಬಸ್ಸು ತೆರಕಣಾಂಬಿಯ ತರಕಾರಿ ಮಾರುಕಟ್ಟೆಯನ್ನು ದಾಟುವಾಗ ಕೆಲವೊಮ್ಮೆ, ‘ಮಾದೇಶ ಹೇಗಿದ್ದಾನೆ?’ ಎಂದು ಕೇಳುತ್ತಿದ್ದರು. ಮಾದೇಶ ಅಲ್ಲಿಯೇ ಮಂಡಿ ಇಟ್ಟಿದ್ದ. ಸುತ್ತಲಿನ ಬೀನ್ಸು, ಟೊಮೆಟೊ, ಬೂದುಗುಂಬಳ ಕೇರಳಕ್ಕೆ ಕಳಿಸುತ್ತಿದ್ದ. ಮೇಡಂ ಕೇಳಿದರು ಎಂದು ನಾನು ಹೇಳಿದಾಗಲೆಲ್ಲ ಅವನು ಲಾರಿಯ ಹಗ್ಗ ಬಿಗಿಯಲು ಹೋಗುತ್ತಿದ್ದ. ಒಮ್ಮೆ ಅವರು ಬಸ್ಸಿನ ಕಿಟಕಿಯಿಂದ ಕೈಬೀಸಿದಾಗ, ನೋಡಿಯೂ ನೋಡದವನಂತೆ ಗೋಣಿಚೀಲಗಳ ಹಿಂದೆ ಸರಿದದ್ದನ್ನು ನಾನೇ ಕಂಡಿದ್ದೇನೆ.

ಈ ವರ್ಷ ಕಾಲೇಜಿನ ರಜೆ ಮುಗಿದರೂ ಅವರು ಬಸ್ಸಿಗೆ ಬರಲಿಲ್ಲ. ಅವರನ್ನು ಕರೆಯದ ಸುದ್ದಿ ತಿಳಿದ ಕೆಲವು ವಾರಗಳಿಗೆ, ಒಂದು ಶನಿವಾರ ಮಧ್ಯಾಹ್ನ, ಚಾಮರಾಜನಗರದಿಂದ ವಾಪಸು ಬರುವ ಬಸ್ಸಿನಲ್ಲಿ ಮೇಡಂ ಕೂತಿದ್ದರು. ಕಾಲೇಜಿನ ಪುಸ್ತಕಗಳನ್ನು ಹಿಂದಿರುಗಿಸಲು ಹೋಗಿದ್ದರಂತೆ. ಬೇಸರದಲ್ಲಿರಬಹುದು, ಏನಾದರೂ ಸಮಾಧಾನ ಹೇಳಬೇಕು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

‘ಲೈಬ್ರರಿಯವರು ಹಳೇ ಪುಸ್ತಕ ತೆಗೆದು ರಾಶಿ ಹಾಕಿದ್ರು. ಅದರಲ್ಲಿ ಇದು ಸಿಕ್ಕಿತು. ಓದು.’

ರಟ್ಟು ಹೋದ, ಅಂಚು ಮುರಿದ ಪುಸ್ತಕ. ನಮ್ಮ ಅದೇ ಕಾದಂಬರಿ, ಬಹಳ ಹಳೆಯ ಮುದ್ರಣ. ಅವರು ಬೆರಳಿಟ್ಟಿದ್ದ ಪುಟ ತೆರೆದೆ. ಹೊಸ್ತಿಲು, ಯಜಮಾನ, ಚೊಂಬು. ಅವಳ ಮಾತು ಬಂದಾಗ ಬಸ್ಸು ಕುಲುಕಿತೆಂದು ಮತ್ತೆ ಓದಿದೆ.

‘ಕುಡಿ’ ಎಂದಿತ್ತು.

‘ಅಚ್ಚಿನ ತಪ್ಪು ಮೇಡಂ’ ಎಂದೆ.

‘ಇರಬಹುದು. ಆದ್ರೆ ಯಾವುದು ತಪ್ಪು? ಹಳೇದೋ, ನಾವು ಓದಿದ ಹೊಸದೋ? ಬರೆದವರೇ ಆಮೇಲೆ ತಿದ್ದಿದ್ರೋ, ಅಚ್ಚಿನ ಮೊಳೆ ಜೋಡಿಸೋನು ತಪ್ಪಿದ್ನೋ? ಒಂದಕ್ಷರ ನೋಡು. ಒಂದಕ್ಷರಕ್ಕೆ ಅವಳು ಬೇರೆ ಹೆಂಗಸಾಗ್ಬಿಟ್ಳು!’ ಅವರ ದನಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ‘ಇದನ್ನ ಮೊದಲು ಮಾದೇಶಂಗೆ ತೋರಿಸ್ಬೇಕು. ಅವನ ವಾದಕ್ಕೆ ಪೆಟ್ಟು ಬಿತ್ತು.’

ಮಾದೇಶನ ಯಾವ ವಾದ ಎಂದು ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಅವನನ್ನು ನೆನೆದರೆ ನಮಗೆಲ್ಲ ದೂರು ನೆನಪಾಗುತ್ತಿತ್ತು. ಅವರಿಗೆ ನೆನಪಿದ್ದದ್ದು, ಅವಳು ಕ್ಷಮಿಸಿದಳು ಎಂದು ಅವನು ಎದ್ದು ನಿಂತು ಹೇಳಿದ್ದು.

ಇಬ್ಬರೂ ತೆರಕಣಾಂಬಿಯಲ್ಲಿ ಇಳಿದೆವು. ಮಾರುಕಟ್ಟೆಯಲ್ಲಿ ಲಾರಿಗೆ ಟೊಮೆಟೊ ತುಂಬುತ್ತಿದ್ದರು. ಮೇಡಮ್ಮನ್ನು ಕಂಡ ಮಾದೇಶ ಈ ಸಲ ಸರಿಯಲು ಜಾಗವಿಲ್ಲದೆ ಕ್ರೇಟುಗಳ ಮಧ್ಯೆ ನಿಂತ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ಮುಖ ಕೆಂಪಾಗಿತ್ತು.

‘ಮೇಡಂ, ಆವತ್ತು ನಾವು ಬರ್ದು ಕೊಟ್ಟುದ್ದು...’ ಎಂದು ಶುರುಮಾಡಿದ. ಎಷ್ಟು ವರ್ಷದಿಂದ ಆ ವಾಕ್ಯವನ್ನು ಇಟ್ಟುಕೊಂಡಿದ್ದನೋ.

‘ಅದಿರ್ಲಿ, ಮೊದಲು ಇದು ನೋಡು’ ಎಂದು ಮೇಡಂ ಪುಸ್ತಕವನ್ನು ಅವನ ಕೈಗೆ ತುರುಕಿದರು.

ಅವನು ಟವೆಲಿನಲ್ಲಿ ಕೈ ಒರೆಸಿ ಓದಿದ. ತುಟಿ ಅಲ್ಲಾಡಿತು. ಇನ್ನೊಂದು ಸಲ ಓದಿದ. ಅವನ ಮುಖದಿಂದ ಆ ಕೆಂಪು ಇಳಿದು ಹುಬ್ಬು ಗಂಟಾಯಿತು.

‘ಅದೆಂಗ್ ಮೇಡಂ ಆಯ್ತದೆ? ಮಾವುನ್ಗೆ ಸೊಸೆ ಕುಡಿ ಅಂದಾಳಾ? ಕುಡೀರಿ ಅನ್ಬೇಕು. ಇದು ಏಕವಚನ!’

‘ಅದನ್ನೇ ನಾನು ಕೇಳ್ತಿರೋದು! ಇಡೀ ಪುಸ್ತಕದಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದಾಳೆ. ಏಕವಚನದಲ್ಲೇ ಯಾಕೆ ಬಿಟ್ಟಿರಬಾರದು?’

‘ಅಂಗಂದ್ರೆ ಅವ್ಳು ಅವುನ್ನ ಮಾವ ಅನ್ನದ ಬುಟ್ಟಾಯ್ತು ಅಂತಾನಾ? ಮನುಸ್ಯ ದಣ್ದು ಬಂದವ್ನೆ, ಕುಡಿ, ಅಷ್ಟೇ ಅಂತಾನಾ?’

‘ಹೇಳು, ಹೇಳು’ ಎಂದರು ಮೇಡಂ. ತಿರುಗಿ ನಿಲ್ಲಲು ಗೋಡೆಯಿರಲಿಲ್ಲ. ಲಾರಿಯ ಕಡೆಗೆ ಮುಖಮಾಡಿ, ತಲೆ ಬಗ್ಗಿಸಿ ನಿಂತರು.

ಮಾದೇಶ ‘ಕುಡಿ’ ಎಂದ. ಮೆಲ್ಲಗೆ, ಗದರಿಕೆಯೂ ಅಲ್ಲದೆ ಮರುಕವೂ ಅಲ್ಲದೆ. ಹಮಾಲಿಗಳು ಕ್ರೇಟು ಹಿಡಿದವರು ಹಾಗೇ ನಿಂತು ನೋಡಿದರು. ಲಾರಿಯ ಚಾಲಕ ಹೊರಗೆ ತಲೆಹಾಕಿ ಮಲಯಾಳದಲ್ಲಿ ಏನೋ ಕೇಳಿದ, ಹೊತ್ತಾಯಿತೆಂದಿರಬೇಕು. ಮೇಡಂ ಮಲಯಾಳದಲ್ಲೇ ‘ಒಂದು ನಿಮಿಷ’ ಎಂದು ಕೈಯೆತ್ತಿದರು.

ಮಾದೇಶ ಪುಟ ತಿರುವಿದ. ಮುಂದಿನ ಅಧ್ಯಾಯದ ಮೊದಲ ಸಾಲು ನೋಡಿದ, ಹಿಂದಕ್ಕೆ ಬಂದ, ಮತ್ತೆ ಮುಂದಕ್ಕೆ ಹೋದ.

‘ಕುಡುದ್ನಾ ಮೇಡಂ?’ ಎಂದ.

‘ಏನು?’

‘ಕುಡಿ ಅಂದ್ಲು, ಸರಿ. ಆ ಮುದ್ಕ ಮಜ್ಗೆ ಕುಡುದ್ನಾ, ಬುಟ್ನಾ? ಎಲ್ಲೂ ಬರ್ದಿಲ್ವಲ್ಲ!’

ಮೇಡಂ ಪುಸ್ತಕ ತೆಗೆದುಕೊಂಡು ತಾವೂ ಹಿಂದೆ ಮುಂದೆ ನೋಡಿದರು. ಅಷ್ಟು ವರ್ಷ ಆ ಪುಟವನ್ನು ಪಾಠ ಮಾಡಿದವರು, ಅವಳು ಏನು ಹೇಳಿದಳು ಎಂದು ಊರೂರಲ್ಲಿ ಕೇಳಿಸಿದವರು, ಅವನು ಏನು ಮಾಡಿದ ಎಂದು ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಪಕ್ಕದಲ್ಲಿದ್ದ ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತರು. ಇನ್ನೊಂದನ್ನು ಮಾದೇಶನ ಕಡೆಗೆ ತಳ್ಳಿದರು.

‘ಕೂತ್ಕೋ’ ಎಂದರು. ‘ಕುಡಿದ ಅಂತ ಇಟ್ಕೊಳ್ಳೋಣ. ಆಗ ಏನಾಗುತ್ತೆ ಹೇಳು.’

ಮಾದೇಶ ಹಮಾಲಿಗಳ ಕಡೆ ತಿರುಗಿ, ‘ತುಂಬಿ ಕಳ್ಸ್ಬುಡಿ, ನಾ ಬಂದೆ’ ಎಂದು ಕೂಗಿ ಹೇಳಿ, ಮೇಡಂ ಎದುರು ಕೂತ.